ಲೈಟು ಕಾಣಲಿಲ್ಲ, ಹೌಸು ಎದ್ದಿತು

ನಡುನಾಡು ಅಂತ ಒಂದು ದೇಶ. ಭೂಪಟದಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ನಾಲ್ಕೂ ಕಡೆ ನೆಲ. ಸಮುದ್ರ ಅಂದರೆ ಅಲ್ಲಿನವರು ಟೀವಿಯಲ್ಲಿ ನೋಡಿದ್ದು ಮಾತ್ರ. ಅಂಥ ದೇಶದ ಸರ್ಕಾರ 11 ಲೈಟ್‌ಹೌಸ್ ಕಟ್ಟಿಸಿತು. ಕಟ್ಟಿಸಿತು ಅಂದರೆ, ಬಿಲ್ ಪಾಸ್ ಮಾಡಿಸಿತು. ತನಿಖೆಯವರು ಹೋಗಿ ನೋಡಿದರೆ ಲೈಟ್ ಎಲ್ಲೂ ಇಲ್ಲ. ಹೌಸ್ ಮಾತ್ರ ಎದ್ದು ನಿಂತಿತ್ತು. ಮೂರು ಮಹಡಿಯದ್ದು, ಲೋಕೋಪಯೋಗಿ ಮಂತ್ರಿಗಳ ಭಾವನ ಹೆಸರಿನಲ್ಲಿ.

ಉಡುಪಿಯಲ್ಲಿ ಕೂತ ನನಗೆ ಇದೆಲ್ಲ ಹೇಗೆ ಗೊತ್ತು ಅಂತ ಕೇಳುತ್ತೀರಾ? ಅಲ್ಲಿನ ಸಂಸದರ ನಿಯೋಗ ಕಾಪು ಬೀಚಿಗೆ ಬಂದಿತ್ತು ಮಾರಾಯ್ರೆ. ಲೈಟ್‌ಹೌಸ್ ಅಂದರೆ ಹೇಗಿರುತ್ತದೆ ಅಂತ ನೋಡಲಿಕ್ಕೆ. ಹಣ ಖರ್ಚಾಗಿ ಎರಡು ವರ್ಷ ಆದ ಮೇಲೆ.

ಒಟ್ಟು 14 ಜನ. ಎಲ್ಲರ ಕಾಲಲ್ಲೂ ಮಿರಿಮಿರಿ ಬೂಟು. ನಾಲ್ಕು ಹೆಜ್ಜೆಗೊಂದು ಸಲ ಬೂಟು ಬಿಚ್ಚಿ ಮರಳು ಕೊಡವುವುದು, ಮತ್ತೆ ಹಾಕುವುದು. ಅಧ್ಯಕ್ಷರು ಬಂಡೆಯ ಮೇಲಿನ ಲೈಟ್‌ಹೌಸನ್ನು ತಲೆ ಎತ್ತಿ ನೋಡಿ, "ಇದು ಯಾವಾಗಿನದು?" ಅಂತ ಕೇಳಿದರು.

"1901ರದ್ದು."

"ಎತ್ತರ?"

"27 ಮೀಟರ್ ಉಂಟು."

ಬರೆದುಕೊಂಡರು. "ಇದುವರೆಗೆ ಎಷ್ಟು ಸಲ ಬಿದ್ದಿದೆ?"

ಒಂದು ಸಲವೂ ಬಿದ್ದಿಲ್ಲ ಅಂದೆ. ಅವರ ಮುಖದಲ್ಲಿ ನಮ್ಮ ಬಗ್ಗೆ ನಿಜವಾದ ಕನಿಕರ ಕಂಡಿತು. "ಹಾಗಾದ್ರೆ ನಿಮ್ಮ ಗುತ್ತಿಗೆದಾರರು ಹೊಟ್ಟೆಗೆ ಎಂತ ಮಾಡ್ತಾರೆ?"

ಹೊರಡುವಾಗ ಒಬ್ಬರು ಬಾಟ್ಲಿಯಲ್ಲಿ ಸಮುದ್ರದ ನೀರು ತುಂಬಿಸಿಕೊಂಡರು. ಸ್ಯಾಂಪಲ್ ಅಂತೆ. ಎಲ್ಲರೂ ಒಂದೊಂದು ಬೊಂಡ ಕುಡಿದು, "ಬಿಲ್ ಕಳಿಸಿ, ಸರ್ಕಾರ ಕೊಡ್ತದೆ" ಅಂತ ಹೇಳಿ ಕಾರು ಹತ್ತಿದರು. ಬೊಂಡದವನು ಕೈಯಲ್ಲಿ ಕತ್ತಿ ಹಿಡಿದುಕೊಂಡು ನೋಡುತ್ತಲೇ ನಿಂತ.

ಸಂಜೆ ರಥಬೀದಿಗೂ ಕರ್ಕೊಂಡು ಹೋದೆ. ಪರ್ಯಾಯದ ಬಗ್ಗೆ ಹೇಳಿದೆ. ಕೃಷ್ಣಮಠದ ಪೂಜೆ, ಆಡಳಿತ ಅಷ್ಟಮಠಗಳ ಸ್ವಾಮಿಗಳಿಗೆ ಸರದಿ ಪ್ರಕಾರ, ಒಬ್ಬೊಬ್ಬರದು ಎರಡು ವರ್ಷ. ಅವಧಿ ಮುಗಿದ ಕೂಡಲೇ ಜನವರಿ 18ರ ಬೆಳಿಗ್ಗೆ ಅಕ್ಷಯ ಪಾತ್ರೆ, ಸಟ್ಟುಗ ಎರಡನ್ನೂ ಮುಂದಿನವರ ಕೈಗೆ ಕೊಡಬೇಕು. ಮತ್ತೆ ಪಾಳಿ ಬರುವುದು 14 ವರ್ಷ ಕಾದ ಮೇಲೆ. ಹಿಂದೆ ನಿಂತಿದ್ದ ಒಬ್ಬ ಮಾಜಿ ಮಂತ್ರಿಗೆ ಗಾಬರಿಯಾಯಿತು. "ಸಟ್ಟುಗವನ್ನೂ ಕೊಡಬೇಕಾ? ಪಾತ್ರೆ ಕೊಟ್ಟು ಸಟ್ಟುಗ ಇಟ್ಕೊಳ್ಳಲಿಕ್ಕೆ ಆಗುವುದಿಲ್ವಾ?"

ಇವರು ವಾಪಸ್ ಹೋಗುವಷ್ಟರಲ್ಲಿ ಅಲ್ಲಿ ಸರ್ಕಾರ ಬಿದ್ದಿತ್ತು. ಪ್ರಧಾನಿ ಸೋಮವಾರ ಬೆಳಿಗ್ಗೆ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಮಧ್ಯಾಹ್ನ ಊಟ ಮಾಡಿ ಹಂಗಾಮಿ ಪ್ರಧಾನಿ ಆದರು. ಸಂಜೆ ಅದೇ ಕುರ್ಚಿಯಲ್ಲಿ ಕೂತು ಚುನಾವಣೆ ಘೋಷಿಸಿದರು. ಹೊಣೆ ಹೊತ್ತದ್ದು ಅರ್ಧ ದಿನ. ಮಲ್ಪೆ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವವರು ಇದಕ್ಕಿಂತ ಜಾಸ್ತಿ ಹೊರುತ್ತಾರೆ.

ಕಟ್ಟುಕತೆ ಅಂತ ನಗಬೇಡಿ. ನೆದರ್ಲೆಂಡ್ಸ್‌ನಲ್ಲಿ ಮಕ್ಕಳ ಪಾಲನೆಯ ಭತ್ಯೆ ಪಡೆದ ಸಾವಿರಾರು ತಂದೆ ತಾಯಿಯರನ್ನು ಸುಮ್ನೆ ಮೋಸಗಾರರು ಅಂದುಬಿಟ್ಟರು. ಆ ಹಗರಣದಲ್ಲಿ 2021ರ ಜನವರಿಯಲ್ಲಿ ಮಾರ್ಕ್ ರುಟ್ಟೆಯವರ ಇಡೀ ಸರ್ಕಾರ ರಾಜೀನಾಮೆ ಕೊಟ್ಟಿತು. ಮಾರ್ಚ್‌ನಲ್ಲಿ ಚುನಾವಣೆ. ಜಾಸ್ತಿ ಸೀಟು ಬಂದದ್ದು ಅವರದೇ ಪಕ್ಷಕ್ಕೆ. 2022ರ ಜನವರಿಯಲ್ಲಿ ಹೊಸ ಸರ್ಕಾರ ಬಂತು. ಪ್ರಧಾನಿ ರುಟ್ಟೆಯವರೇ. ನಡುವಿನ ವರ್ಷ ಹಂಗಾಮಿ ಯಾರಿದ್ದರು ಅಂತ ಬೇರೆ ಹೇಳಬೇಕಾ? ಸಮುದ್ರದ ವಿಷಯವೂ ಅಷ್ಟೇ. ಬೊಲಿವಿಯಾಕ್ಕೆ ಸಮುದ್ರ ಇಲ್ಲ, ನೌಕಾಪಡೆ ಉಂಟು. ಟಿಟಿಕಾಕಾ ಸರೋವರದಲ್ಲಿ ಗಸ್ತು ತಿರುಗುತ್ತದೆ. ನಡುನಾಡು ಏನೇ ಮಾಡಲಿ, ಅದಕ್ಕೊಬ್ಬ ಅಣ್ಣ ಮೊದಲೇ ಹುಟ್ಟಿರುತ್ತಾನೆ.

ಪ್ರಚಾರ ಶುರುವಾಯಿತು. ಆಳುವ ಪಕ್ಷದ ವಾದ ಇಷ್ಟೇ: ತಪ್ಪು ಲೈಟ್‌ಹೌಸಿನದ್ದಲ್ಲ, ಸಮುದ್ರದ್ದು. "ನಮ್ಮ ಕೆಲಸ ನಾವು ಮಾಡಿದ್ದೇವೆ. ಸಮುದ್ರ ಸಮಯಕ್ಕೆ ಸರಿಯಾಗಿ ಬರಲಿಲ್ಲ. ಇದರಲ್ಲಿ ಹಿಂದಿನ ಸರ್ಕಾರದ ಕೈವಾಡ ಇದೆ." ವಿರೋಧ ಪಕ್ಷ ಬಿಡುತ್ತದಾ? ಕಾಪುವಿನ ಬಾಟ್ಲಿಯನ್ನು ವೇದಿಕೆಯಲ್ಲಿ ಎತ್ತಿ ಹಿಡಿಯಿತು. "ಇದು ಮೊದಲ ಕಂತು. ನಮಗೆ ಓಟು ಕೊಡಿ, ಉಳಿದದ್ದನ್ನು 100 ದಿನದಲ್ಲಿ ತರುತ್ತೇವೆ." ಚಪ್ಪಾಳೆಯೋ ಚಪ್ಪಾಳೆ. ಲೈಟ್‌ಹೌಸಿನ ದುಡ್ಡು ಎಲ್ಲಿ ಹೋಯಿತು ಅಂತ ಎದ್ದು ನಿಂತು ಕೇಳಿದವರು ಒಬ್ಬರೇ ಮಾಷ್ಟ್ರು. ಅವರನ್ನು ಎರಡೂ ಪಕ್ಷದವರು ಸೇರಿ ಸಮುದ್ರವಿರೋಧಿ ಅಂದರು. ಎರಡು ಪಕ್ಷ ಒಂದಾದದ್ದು ಆ ಚುನಾವಣೆಯಲ್ಲಿ ಅದೊಂದೇ ಸಲ.

ಹಾಗಾದರೆ ಭ್ರಷ್ಟಾಚಾರದ ಕೇಸ್ ಎಂತ ಆಯ್ತು? "ಜನತಾ ನ್ಯಾಯಾಲಯ ತೀರ್ಮಾನಿಸುತ್ತದೆ" ಅಂತ ಮಂತ್ರಿಗಳ ಉತ್ತರ. ಈ ನ್ಯಾಯಾಲಯದ ಕ್ರಮವೇ ಬೇರೆ. ಉಳಿದ ಕೋರ್ಟಿನಲ್ಲಿ ಆರೋಪಿ ಜಡ್ಜ್‌ಗೆ ಬಿರಿಯಾನಿ ಕೊಟ್ಟರೆ ಇನ್ನೊಂದು ಕೇಸ್ ಬೀಳುತ್ತದೆ. ಇಲ್ಲಿ ಕೊಡದಿದ್ದರೆ ಇದ್ದ ಕೇಸೂ ಸೋಲುತ್ತದೆ. ವಾಯಿದೆ ಕೊಡುವವನು ಆರೋಪಿ. ಜಡ್ಜ್‌ಗಳನ್ನು ಟೆಂಪೋದಲ್ಲಿ ತುಂಬಿಸಿ ತರುವವನೂ ಆರೋಪಿಯೇ. ನಮ್ಮಲ್ಲಿ 1962ರ ಚುನಾವಣೆಯಿಂದ ಹಚ್ಚುವ ಮೈಸೂರಿನ ಶಾಯಿ ಇದೆಯಲ್ಲ, ಅಂಥದ್ದು ಅಲ್ಲೂ ಉಂಟು. ಇಡೀ ಹಗರಣದಲ್ಲಿ ಕೈಗೆ ಕಲೆ ಅಂಟಿಸಿಕೊಂಡು ಮನೆಗೆ ಹೋದವರು ಆ ಜಡ್ಜ್‌ಗಳು ಮಾತ್ರ.

ಯಾರೂ ಬೇಡ ಅನ್ನುವವರು ನೋಟಾ ಕೊಡಿ ಅಂತ ಕೇಳಿದರಂತೆ. ನಮಗದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಸಿಕ್ಕಿತು. ನಡುನಾಡಿನ ಪಕ್ಷಗಳಿಗೆ ಕಿವಿ ಸ್ವಲ್ಪ ಮಂದ. ನೋಟು ಅಂತ ಕೇಳಿಸಿತು, ಹಂಚಿದರು.

ಫಲಿತಾಂಶ ಬಂತು. ಅದೇ ಸರ್ಕಾರ, ಮೊದಲಿಗಿಂತ ಜಾಸ್ತಿ ಸೀಟು. ಭಾವ ಕೂಡ ಗೆದ್ದಿದ್ದಾನೆ, ಅವನಿಗೆ ಬಂದರು ಖಾತೆ. ಮೊದಲ ಸಂಪುಟ ಸಭೆಯಲ್ಲೇ ಒಂದು ತೀರ್ಮಾನ ಆಯಿತು: ಉಪ್ಪುಗಾಳಿಗೆ ಹಾಳಾದ 11 ಲೈಟ್‌ಹೌಸ್‌ಗಳ ದುರಸ್ತಿ. ತುರ್ತು ಕೆಲಸ, ಹಾಗಾಗಿ ಟೆಂಡರ್ ಇಲ್ಲ.

ಮೊನ್ನೆ ಕಾಪುವಿಗೆ ಹೋದಾಗ ಬೊಂಡದವನಿಗೆ ಈ ಸುದ್ದಿ ಹೇಳಿದೆ. ಕತ್ತಿ ಕೆಳಗಿಟ್ಟ.

"ಹಳೇ ಸರ್ಕಾರವೇ ಬಂತಾ?"

"ಹೌದು."

"ಪೆನ್ನು ಉಂಟಾ ಅಣ್ಣ?"

ಕೊಟ್ಟೆ. ನನಗೇ ವಾಪಸ್ ಕೊಟ್ಟು, ಒಂದು ಹಳೇ ಕ್ಯಾಲೆಂಡರಿನ ಹಾಳೆ ಹರಿದು ಮುಂದಿಟ್ಟ. "ನೀವೇ ಬರೀರಿ, ನನ್ನ ಅಕ್ಷರ ಚಂದ ಇಲ್ಲ."

"ಹದಿನಾಲ್ಕು ಬೊಂಡ ಅಲ್ವಾ?"

"ನಲವತ್ತು ಅಂತ ಬರೀರಿ. ರಿಪೇರಿ ಲೆಕ್ಕದಲ್ಲಿ ಹೋಗ್ತದೆ."