ಅದು ತಂಪಿನ ಸಿರಪ್ ಅಲ್ಲ, ಔಷಧಿ

ಹೋದ ವರ್ಷದ ಬೇಸಿಗೆ. ಅಮ್ಮ ಹೊಸ್ತಿಲ ಪಕ್ಕ ಕೂತು ಕಾಲುಂಗುರ ತಿರುಗಿಸಲು ನೋಡುತ್ತಿದ್ದಳು. ಅದು ಜಗ್ಗುತ್ತಿರಲಿಲ್ಲ. ಎಷ್ಟೋ ವರ್ಷದಿಂದ ಬೆರಳಲ್ಲಿ ಸಡಿಲವಾಗಿ ಆಡಿಕೊಂಡಿದ್ದ ಉಂಗುರ, ಊದಿದ ಬೆರಳನ್ನು ಕಚ್ಚಿಕೊಂಡು ಕೂತಿತ್ತು. ಪಾದದ ಮೇಲೆ ಹೆಬ್ಬೆರಳು ಒತ್ತಿ ನೋಡಿದೆ. ಗುಳಿ ಬಿತ್ತು, ಬೇಗ ತುಂಬಿಕೊಳ್ಳಲಿಲ್ಲ. "ಬಿಸಿಲು ಕಣೇ, ಹೀಟ್ ಆಗಿದೆ. ತಂಪಿಗೆ ಸಿರಪ್ ಕುಡೀತಾ ಇದೀನಲ್ಲ, ಇಳಿಯುತ್ತೆ" ಅಂದಳು.

ಆ ತಂಪಿನ ಸಿರಪ್ ಬಗ್ಗೆಯೇ ಈ ಬರಹ. ಸ್ವಲ್ಪ ಉದ್ದ ಇದೆ. ಮನೆಯಲ್ಲಿ ಬಿಪಿ, ಶುಗರ್, ಹಾರ್ಟ್, ಕಿಡ್ನಿ ತೊಂದರೆ ಇರುವ ಹಿರಿಯರಿದ್ದರೆ ದಯವಿಟ್ಟು ಪೂರ್ತಿ ಓದಿ.

ನಮ್ಮ ಚಿತ್ರದುರ್ಗದ ಕಡೆ ಮಾರ್ಚ್ ಬಂತು ಅಂದರೆ ಉರಿಮೂತ್ರದ ಮಾತು ಶುರು. ಎಳನೀರು, ಬಾರ್ಲಿ ನೀರು, ಕೊತ್ತಂಬರಿ ಬೀಜ ನೆನೆಸಿದ ನೀರು. ಅದಕ್ಕೂ ಬಗ್ಗದಿದ್ದರೆ ಮೆಡಿಕಲ್ ಶಾಪಿನ ಸಿರಪ್. ಅಮ್ಮನೂ ಹಾಗೇ ಮಾಡಿದಳು. "ಏನಪ್ಪಾ, ಉರಿಮೂತ್ರಕ್ಕೆ ಏನಾದ್ರೂ ಕೊಡು" ಅಂದಳು. ಅಂಗಡಿಯ ಹುಡುಗ ಬಾಟಲಿ ಕೊಟ್ಟು, "ಎರಡೆರಡು ಚಮಚ ಮೂರು ಹೊತ್ತು ಕುಡೀರಿ ಅಮ್ಮ, ತಂಪಾಗುತ್ತೆ" ಅಂದ. ಬಿಪಿ ಇದೆಯಾ, ಬೇರೆ ಮಾತ್ರೆ ತಗೋತೀರಾ ಅಂತ ಅವನು ಕೇಳಲಿಲ್ಲ. ಅಮ್ಮನೂ ಹೇಳಲಿಲ್ಲ. ಎರಡನೇ ದಿನಕ್ಕೆ ಉರಿ ಕಡಿಮೆ ಆಯಿತು. ಒಂದೆರಡು ಹೊತ್ತು ಬಿಟ್ಟರೆ ಮತ್ತೆ ಬರುತ್ತಿತ್ತು, ಮತ್ತೆ ಕುಡಿಯುತ್ತಿದ್ದಳು. ಹತ್ತು ದಿನದಲ್ಲಿ 100 ಎಂಎಲ್‌ನ ಮೂರು ಬಾಟಲಿ ಖಾಲಿಯಾದವು.

ಕಾಲು ಊದಿದ್ದು ನೋಡಿದ ಮೇಲೆ ನಾನು ಆ ಬಾಟಲಿಯನ್ನು ಕಿಟಕಿ ಬೆಳಕಿಗೆ ಹಿಡಿದು ಮೊದಲ ಸಲ ಓದಿದೆ. ಡೈಸೋಡಿಯಂ ಹೈಡ್ರೋಜನ್ ಸಿಟ್ರೇಟ್. 5 ಎಂಎಲ್‌ಗೆ 1.4 ಗ್ರಾಂ. ಹೆಸರಲ್ಲೇ ಸೋಡಿಯಂ ಇದೆ. ಉಪ್ಪಿನಲ್ಲಿ ಇರುವುದೂ ಅದೇ ಸೋಡಿಯಂ, ಬಿಪಿ ಇರುವವರಿಗೆ ಕಡಿಮೆ ಮಾಡಿ ಅಂತ ಡಾಕ್ಟರ್ ಹೇಳುವುದೂ ಅದನ್ನೇ.

ಪೆನ್ನು ತಗೊಂಡು ಲೆಕ್ಕ ಹಾಕಿದೆ. ಚಮಚಕ್ಕೆ 5 ಎಂಎಲ್ ಅಂತ ಹಿಡಿದರೆ ದಿನಕ್ಕೆ 30 ಎಂಎಲ್, ಅಂದರೆ ಈ ಔಷಧಿ 8.4 ಗ್ರಾಂ. ಅದರಲ್ಲಿ ಸೋಡಿಯಂ ಸುಮಾರು ಒಂದೂವರೆ ಗ್ರಾಂ. ಅಡುಗೆ ಉಪ್ಪಿಗೆ ಹೋಲಿಸಿದರೆ ಹೆಚ್ಚೂಕಡಿಮೆ ನಾಲ್ಕು ಗ್ರಾಂ ಉಪ್ಪಿನಲ್ಲಿ ಇರುವಷ್ಟು. ದೊಡ್ಡವರು ಇಡೀ ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಉಪ್ಪು ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿಪಿ ಬಂದ ಮೇಲೆ ಅಮ್ಮ ಉಪ್ಪಿನಕಾಯಿ ಜಾಡಿ ಮುಟ್ಟಿಲ್ಲ. ಹಪ್ಪಳ ಬಿಟ್ಟಳು. ಮಜ್ಜಿಗೆಗೆ ಉಪ್ಪು ಹಾಕಿಕೊಳ್ಳುವುದನ್ನೂ ಬಿಟ್ಟಳು. ಅಷ್ಟೆಲ್ಲ ಬಿಟ್ಟವಳಿಗೆ ಹತ್ತು ದಿನ ಚಮಚದಲ್ಲಿ ಅಳೆದು ಸೋಡಿಯಂ ಕುಡಿಸಿದ್ದೆವು. ಸಿಹಿ ಸಿಹಿಯಾಗಿದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಆ ದಿನ ಬಿಪಿ 172ಕ್ಕೆ 98 ಇತ್ತು. ಅದೇ ರಾತ್ರಿ ಚಳಿ ಬಂದು ಹಲ್ಲು ಕಟಕಟ ಅನ್ನುವ ಹಾಗೆ ಜ್ವರ ಬಂತು. ಬಲಗಡೆ ಸೊಂಟದ ಮೇಲೆ ನೋವು ಅಂತ ಬಗ್ಗಿ ಕೂತುಬಿಟ್ಟಳು. ಆಸ್ಪತ್ರೆಗೆ ಸೇರಿಸಿದೆವು. ಮೂತ್ರದ ಇನ್ಫೆಕ್ಷನ್ ಮೇಲೇರಿ ಕಿಡ್ನಿಗೆ ಹೋಗಿತ್ತು. ನಾಲ್ಕು ದಿನ ಸಲೈನ್, ಇಂಜೆಕ್ಷನ್.

ಡಾಕ್ಟರ್ ಎಲ್ಲ ತಪ್ಪನ್ನೂ ಸಿರಪ್ ಮೇಲೆ ಹಾಕಲಿಲ್ಲ. ಬಿಪಿ ಏರುವುದಕ್ಕೆ, ಕಾಲು ಊದುವುದಕ್ಕೆ ಆ ಸೋಡಿಯಂ ಕೂಡ ಕಾರಣ ಆಗಿರಬಹುದು, ಇನ್ಫೆಕ್ಷನ್ನೂ ಸೇರಿರಬಹುದು ಅಂದರು. ಆದರೆ ಒಂದು ಮಾತು ಖಡಾಖಂಡಿತವಾಗಿ ಹೇಳಿದರು: "ಉರಿ ನಿಂತಿತ್ತು, ಅದಕ್ಕೇ ನೀವು ಬರಲಿಲ್ಲ. ಒಳಗೆ ಬ್ಯಾಕ್ಟೀರಿಯಾ ಬೆಳೀತಾನೇ ಇತ್ತು."

ನನಗೆ ಇವತ್ತಿಗೂ ಚುಚ್ಚುವುದು ಆ ಮಾತು. ಉರಿ ಅನ್ನುವುದು ದೇಹ ಕೂಗಿ ಹೇಳುವ ಸುದ್ದಿ. ನಾವು ಸುದ್ದಿ ಕೇಳದೆ ಬಾಯಿ ಮುಚ್ಚಿಸಿದ್ದೆವು.

ಈ ಔಷಧಿ ಏನು ಮಾಡುತ್ತದೆ ಅಂತ ಆಮೇಲೆ ಕೂತು ತಿಳಿದುಕೊಂಡೆ. ಹೊಟ್ಟೆಗೆ ಹೋದ ಸಿಟ್ರೇಟ್ ದೇಹದಲ್ಲಿ, ಮುಖ್ಯವಾಗಿ ಲಿವರ್‌ನಲ್ಲಿ, ಬೈಕಾರ್ಬನೇಟ್ ಅನ್ನುವ, ಹುಳಿ ತಗ್ಗಿಸುವ ಕ್ಷಾರ ಆಗುತ್ತದೆ. ಕಿಡ್ನಿ ಅದನ್ನು ಮೂತ್ರಕ್ಕೆ ಬಿಡುತ್ತದೆ. ಮೂತ್ರದ ಹುಳಿ ಗುಣ ಇಳಿಯುತ್ತದೆ. ನಿಂಬೆಹಣ್ಣಿನಲ್ಲಿರುವುದೂ ಇದೇ ಬಳಗದ ಸಿಟ್ರಿಕ್ ಆಮ್ಲ. ಬಾಯಿಗೆ ಹುಳಿ ಇದ್ದದ್ದು ಮೂತ್ರದಲ್ಲೂ ಹುಳಿಯಾಗೇ ಇರಬೇಕು ಅಂತೇನಿಲ್ಲ ಅನ್ನುವುದು ನನಗಂತೂ ಹೊಸ ವಿಷಯ. ಹುಳಿ ಕಡಿಮೆಯಾದರೆ ಕೆಲವರಿಗೆ ಉರಿ ಕಡಿಮೆ ಅನ್ನಿಸುತ್ತದೆ. ಬ್ಯಾಕ್ಟೀರಿಯಾ ಸಾಯುವುದಿಲ್ಲ. ಇನ್ನೂ ಹೇಳಬೇಕೆಂದರೆ, ಹೆಂಗಸರ ಸಾಮಾನ್ಯ ಮೂತ್ರದ ಇನ್ಫೆಕ್ಷನ್ನಿಗೆ ಇದು ನಿಜಕ್ಕೂ ಉಪಯೋಗವಾ ಅಂತ 2016ರಲ್ಲಿ, ಚಿಕಿತ್ಸೆಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕೊಕ್ರೇನ್ ಸಂಸ್ಥೆಯವರು ಜಗತ್ತಿನ ಅಧ್ಯಯನಗಳನ್ನೆಲ್ಲ ಜಾಲಾಡಿದರು. ಅವರ ಅಳತೆಗೆ ನಿಲ್ಲುವ ಒಂದೇ ಒಂದು ಪ್ರಯೋಗವೂ ಸಿಗಲಿಲ್ಲ. ಮನೆಮನೆಯಲ್ಲಿ ಕುಡಿಯುವ ಸಿರಪ್ಪಿನ ಕಥೆ ಇದು.

ಹಾಗಂತ ಈ ಔಷಧಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಇದೇ ಬಗೆಯ ಔಷಧಿಯಿಂದ ನಮ್ಮ ಚಿಕ್ಕಪ್ಪನ ಕಿಡ್ನಿ ಕಲ್ಲು ಕರಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅವರಿಗೆ ಹಿಂದೆ ಬಿದ್ದ ಕಲ್ಲನ್ನು ಲ್ಯಾಬಿಗೆ ಕೊಟ್ಟಾಗ ಯೂರಿಕ್ ಆಮ್ಲದ ಕಲ್ಲು ಅಂತ ಗೊತ್ತಾಗಿತ್ತು. ಮೂತ್ರ ತುಂಬ ಹುಳಿಯಾಗಿದ್ದರೆ ಯೂರಿಕ್ ಆಮ್ಲ ಕರಗಿ ಉಳಿಯುವುದಿಲ್ಲ, ಹರಳುಗಟ್ಟುತ್ತದೆ. ಹುಳಿ ಇಳಿಸಿದರೆ ಕಲ್ಲು ನಿಧಾನಕ್ಕೆ ಕರಗುತ್ತದೆ. ಅವರ ಮೂತ್ರದ ಪಿಎಚ್ (ಹುಳಿ ಎಷ್ಟಿದೆ ಅನ್ನುವ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 5ರ ಹತ್ತಿರ ಇತ್ತು. ಡಾಕ್ಟರ್ ಪೊಟ್ಯಾಸಿಯಂ ಸಿಟ್ರೇಟ್ ಕೊಟ್ಟು, 6.5ರ ಆಸುಪಾಸು ಇರಲಿ, 7 ದಾಟಿಸಬೇಡಿ ಅಂದಿದ್ದರು.

ಚಿಕ್ಕಪ್ಪ ಅದನ್ನು ಎಷ್ಟು ಶ್ರದ್ಧೆಯಿಂದ ಮಾಡಿದರು ಅಂದರೆ! ಬೆಳಿಗ್ಗೆ ಎದ್ದು, ಟೆಸ್ಟ್ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ, ಹಿತ್ತಿಲ ಬಾಗಿಲ ಬೆಳಕಿನಲ್ಲಿ ನಿಂತು ಡಬ್ಬಿಯ ಮೇಲಿನ ಬಣ್ಣದ ಚೌಕಗಳ ಪಕ್ಕ ಹಿಡಿದು ನೋಡುತ್ತಿದ್ದರು. ಹಳದಿಯಾ, ತಿಳಿ ಹಸಿರಾ. ಆಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಕೆಳಗೆ, ಸಣ್ಣಗೆ 6, 6.5 ಅಂತ ಬರೆಯುತ್ತಿದ್ದರು. ಮೂರು ತಿಂಗಳಾದ ಮೇಲೆ ಸ್ಕ್ಯಾನಿಂಗ್ ಮಾಡಿಸಿದಾಗ ಕಲ್ಲು ಇರಲಿಲ್ಲ.

ಇದನ್ನು ಓದಿ "ನಮಗೂ ಕಲ್ಲಿದೆ, ಕುಡಿದುಬಿಡೋಣ" ಅನ್ನಬೇಡಿ. ಹೆಚ್ಚು ಜನರಿಗೆ ಆಗುವುದು ಕ್ಯಾಲ್ಸಿಯಂ ಕಲ್ಲು. ಆಗಿಬಿಟ್ಟ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಇದರಿಂದ ಕರಗುವುದಿಲ್ಲ. ಮೂತ್ರದಲ್ಲಿ ಸಿಟ್ರೇಟ್ ಕಡಿಮೆ ಇರುವವರಿಗೆ ಹೊಸ ಕಲ್ಲು ಆಗದಂತೆ ತಡೆಯಲು ಡಾಕ್ಟರ್ ಕೊಡುವುದುಂಟು. ಅದು ಬೇರೆ ಲೆಕ್ಕ. ಹುಳಿ ತೀರಾ ಜಾಸ್ತಿ ಇಳಿದು 7 ದಾಟಿದರೆ ಕ್ಯಾಲ್ಸಿಯಂ ಫಾಸ್ಫೇಟ್ ಅನ್ನುವ ಇನ್ನೊಂದು ಬಗೆಯ ಕಲ್ಲು ಬೆಳೆಯಲು ದಾರಿಯಾಗುತ್ತದೆ. ಕೆಲವು ಬ್ಯಾಕ್ಟೀರಿಯಾ ಮೂತ್ರದ ಯೂರಿಯಾ ಒಡೆದು ತಾವೇ ಅದನ್ನು ಕ್ಷಾರ ಮಾಡಿಬಿಡುತ್ತವೆ, ಅದರಿಂದಲೂ ದೊಡ್ಡ ಕಲ್ಲು ಕಟ್ಟುತ್ತದೆ. ಅಂಥ ಇನ್ಫೆಕ್ಷನ್ ಇರುವವರು ಮೇಲಿಂದ ಈ ಸಿರಪ್ ಕುಡಿದರೆ ಏನು ಬಂತು?

ಸೋಡಿಯಂ ಬೇಡ ಅಂದರೆ ಪೊಟ್ಯಾಸಿಯಂ ಇರುವುದು ಕುಡಿಯಬಹುದಲ್ವಾ ಅಂತ ನನ್ನ ತಂಗಿ ಕೇಳಿದಳು. ಅಮ್ಮನ ವಿಷಯದಲ್ಲಿ ಅದೂ ಹುಷಾರಾಗಿರಬೇಕಾದದ್ದೇ. ಅವಳು ಬಿಪಿಗೆ ತಗೊಳ್ಳುವುದು ಟೆಲ್ಮಿಸಾರ್ಟನ್. ಟೆಲ್ಮಿಸಾರ್ಟನ್, ಲೋಸಾರ್ಟನ್, ರಾಮಿಪ್ರಿಲ್, ಎನಾಲಾಪ್ರಿಲ್ ಅನ್ನುವ ಬಿಪಿ ಮಾತ್ರೆಗಳು, ಕಾಲು ಊತಕ್ಕೆ ಕೊಡುವ ಸ್ಪೈರೊನೊಲ್ಯಾಕ್ಟೋನ್, ಇವೆಲ್ಲ ರಕ್ತದಲ್ಲಿ ಪೊಟ್ಯಾಸಿಯಂ ಉಳಿಯುವಂತೆ ಮಾಡುತ್ತವೆ. ಕಿಡ್ನಿ ಸೋತಿದ್ದರೂ ಅದು ಹೊರಗೆ ಹೋಗುವುದಿಲ್ಲ. ಅದರ ಮೇಲೆ ಪೊಟ್ಯಾಸಿಯಂ ಸಿಟ್ರೇಟ್ ಬೇರೆ ಸೇರಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಎಳನೀರಿನಲ್ಲೂ ಪೊಟ್ಯಾಸಿಯಂ ಧಾರಾಳವಾಗಿದೆ. ಅದಕ್ಕೇ ಕಿಡ್ನಿ ರೋಗಿಗಳಿಗೆ ಎಳನೀರು ಬೇಡ ಅನ್ನುವುದು. ಚಿಕ್ಕಪ್ಪನಿಗೆ ಆ ಔಷಧಿ ಕೊಡುವ ಮೊದಲು ಕ್ರಿಯಾಟಿನಿನ್ (ಕಿಡ್ನಿ ಕೆಲಸ ಹೇಗಿದೆ ಅಂತ ತೋರಿಸುವುದು), ಪೊಟ್ಯಾಸಿಯಂ ಎರಡೂ ರಕ್ತದಲ್ಲಿ ನೋಡಿದ್ದರು, ಆಮೇಲೂ ನೋಡುತ್ತಿದ್ದರು. ಊಟ ಆದ ಮೇಲೆ, ನೀರಿನಲ್ಲಿ ಚೆನ್ನಾಗಿ ಬೆರೆಸಿ ಕುಡಿಯಿರಿ ಅಂತಲೂ ಹೇಳಿದ್ದರು. ನಮ್ಮಮ್ಮ ಮಾತ್ರ ಸಿರಪ್ಪನ್ನು ಕೆಮ್ಮಿನ ಔಷಧಿ ಥರ ನೀರಿಲ್ಲದೆ ನುಂಗುತ್ತಿದ್ದಳು. ಅಳತೆಗೆ ಬಾಟಲಿ ಮುಚ್ಚಳ ಬಿಟ್ಟು ಅಡುಗೆಮನೆಯ ಚಮಚ. ನಮ್ಮ ಮನೆಯ ಆ ಚಮಚ 5 ಎಂಎಲ್‌ಗಿಂತ ದೊಡ್ಡದು ಅಂತ ಮುಚ್ಚಳದಲ್ಲಿ ನೀರು ಅಳೆದು ಹಾಕಿದಾಗಲೇ ತಿಳಿದದ್ದು. ಒಂದೊಂದು ಹೊತ್ತಿಗೆ ನನ್ನ ಲೆಕ್ಕಕ್ಕಿಂತ ಅವಳು ಜಾಸ್ತಿಯೇ ಕುಡಿಯುತ್ತಿದ್ದಳು.

ಇನ್ನೊಂದು ವಿಷಯ, ಇದು ಓದಿದ ಕೆಲವರಿಗೆ ಇವತ್ತೇ ಬೇಕಾಗಬಹುದು. ಮೂತ್ರದ ಇನ್ಫೆಕ್ಷನ್ನಿಗೆ ನೈಟ್ರೋಫುರಾಂಟೋಯಿನ್ ಅನ್ನುವ ಆಂಟಿಬಯೋಟಿಕ್ ಕೊಡುತ್ತಾರೆ. ಮೂತ್ರ ಹುಳಿಯಾಗಿದ್ದಾಗಲೇ ಅದು ಚೆನ್ನಾಗಿ ಕೆಲಸ ಮಾಡುವುದು. ಜೊತೆಗೆ ಈ ಸಿರಪ್ ಕುಡಿದರೆ ಮಾತ್ರೆಯ ಬಲ ಕಡಿಮೆಯಾಗುತ್ತದೆ. ಸಿಪ್ರೋಫ್ಲಾಕ್ಸಾಸಿನ್ ಅನ್ನುವ ಇನ್ನೊಂದು ಆಂಟಿಬಯೋಟಿಕ್ ತಗೊಳ್ಳುವಾಗ ಮೂತ್ರ ಕ್ಷಾರವಾದರೆ ಆ ಔಷಧಿಯೇ ಮೂತ್ರದಲ್ಲಿ ಹರಳಾಗುವ ಅಪಾಯ ಇದೆ. ಆದರೂ ಇಂಥ ಮಾತ್ರೆ, ಈ ಸಿರಪ್ ಎರಡನ್ನೂ ಒಂದೇ ಕವರಿನಲ್ಲಿ ಹಾಕಿ ಕೊಡುವುದನ್ನು ನೋಡಿದ್ದೇನೆ. ಚೀಟಿಯಲ್ಲಿ ಎರಡೂ ಬರೆದಿದ್ದರೆ ವಾಪಸ್ ಹೋಗಿ "ಎರಡೂ ಒಟ್ಟಿಗೆ ತಗೊಳ್ಬಹುದಾ ಡಾಕ್ಟ್ರೇ" ಅಂತ ಕೇಳಿ. ಕೇಳುವುದರಲ್ಲಿ ಸಂಕೋಚ ಏನಿದೆ? ಗ್ಯಾಸ್ಟ್ರಿಕ್‌ಗೆ ಅಲ್ಯೂಮಿನಿಯಂ ಇರುವ ಆಂಟಾಸಿಡ್ ಕುಡಿಯುವವರೂ ಹೇಳಬೇಕು. ಸಿಟ್ರೇಟ್ ಜೊತೆ ಸೇರಿದರೆ ಅಲ್ಯೂಮಿನಿಯಂ ರಕ್ತಕ್ಕೆ ಜಾಸ್ತಿ ಸೇರುತ್ತದೆ, ಕಿಡ್ನಿ ಸರಿ ಇಲ್ಲದವರಿಗೆ ಅದು ವಿಷವೇ.

ಅಡುಗೆ ಸೋಡಾ ನೀರಿಗೆ ಹಾಕಿ ಕುಡಿದರೆ ಕಿಡ್ನಿ ಕ್ಲೀನ್ ಆಗುತ್ತೆ ಅಂತ ವಾಟ್ಸಾಪಿನಲ್ಲಿ ಬರುತ್ತದಲ್ಲ, ಅದನ್ನು ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ಒಂದು ಟೀ ಚಮಚ ಸೋಡಾದಲ್ಲಿ 1.2 ಗ್ರಾಂಗೂ ಮೇಲೆ ಸೋಡಿಯಂ ಇದೆ. ಕಿಡ್ನಿ ತೊಂದರೆ ಇರುವ ಕೆಲವರಿಗೆ ಡಾಕ್ಟರೇ ಸೋಡಾ ಮಾತ್ರೆ ಬರೆಯುತ್ತಾರೆ, ನಿಜ. ಅವರು ರಕ್ತ ಪರೀಕ್ಷೆ ನೋಡಿ, ಮಿಲಿಗ್ರಾಂ ಲೆಕ್ಕದಲ್ಲಿ ಬರೆಯುತ್ತಾರೆ. ನಾವು ಡಬ್ಬಿಯಿಂದ ಚಮಚ ತುಂಬಿಕೊಳ್ಳುವುದು ಅದಲ್ಲ.

ಉರಿ ಶುರುವಾದ ದಿನವೇ ಆಸ್ಪತ್ರೆಗೆ ಓಡಿ ಅಂತಲೂ ಅನ್ನುವುದಿಲ್ಲ. ಆರೋಗ್ಯವಾಗಿರುವವರು ಬಿಸಿಲಲ್ಲಿ ಓಡಾಡಿ, ನೀರು ಸಾಲದೆ ಉರಿಯಾದರೆ, ಚೆನ್ನಾಗಿ ನೀರು ಕುಡಿದು ಒಂದು ದಿನ ನೋಡಬಹುದು. ಬಸುರಿಯರು, ಮಕ್ಕಳು, ಗಂಡಸರು, ಶುಗರ್ ಇರುವವರು ಹಾಗೆ ಕಾಯಬಾರದು. ಚಳಿಜ್ವರ, ಸೊಂಟದ ಮೇಲೆ ಒಂದು ಪಕ್ಕ ನೋವು, ವಾಂತಿ, ಮೂತ್ರದಲ್ಲಿ ರಕ್ತ, ಇವುಗಳಲ್ಲಿ ಒಂದು ಕಂಡರೂ ಅವತ್ತೇ ಡಾಕ್ಟರ್ ಹತ್ತಿರ ಹೋಗಬೇಕು. ಆಂಟಿಬಯೋಟಿಕ್ ಶುರು ಮಾಡುವ ಮೊದಲೇ ಮೂತ್ರವನ್ನು, ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್‌ಗೆ ಕೊಡಬೇಕು, ಆಮೇಲೆ ಕೊಟ್ಟರೆ ಯಾವ ಬ್ಯಾಕ್ಟೀರಿಯಾ ಅಂತ ಗೊತ್ತಾಗದೇ ಹೋಗಬಹುದು. ಮೊದಲ ಹನಿಗಳನ್ನು ಬಿಟ್ಟು, ನಡುವಿನದ್ದನ್ನು ಹಿಡಿಯಬೇಕು. ನಮ್ಮಮ್ಮನಿಗೆ ಇದನ್ನು ಆಸ್ಪತ್ರೆಯ ನರ್ಸ್ ಎಷ್ಟು ಸಮಾಧಾನದಿಂದ ಹೇಳಿಕೊಟ್ಟರು ಅಂದರೆ, ಅವರಿಗೆ ಇಲ್ಲಿಂದಲೇ ಕೈಮುಗಿಯುತ್ತೇನೆ.

ಮೆಡಿಕಲ್ ಶಾಪಿನವರಲ್ಲಿ ನನ್ನದೊಂದು ಬೇಡಿಕೆ. ನಮ್ಮ ಊರುಗಳಲ್ಲಿ ಅರ್ಧ ಜನಕ್ಕೆ ನೀವೇ ಡಾಕ್ಟರ್. ಬಾಟಲಿ ಕೊಡುವ ಮುಂಚೆ "ಬಿಪಿ ಇದೆಯಾ? ಕಿಡ್ನಿ, ಹಾರ್ಟ್ ತೊಂದರೆ ಇದೆಯಾ? ಎಷ್ಟು ದಿನದಿಂದ ಉರಿ?" ಅಂತ ಕೇಳಿ. ಅರ್ಧ ನಿಮಿಷದ ಕೆಲಸ. ಅದೇ ಹೆಂಗಸು ಎರಡನೇ ಬಾಟಲಿಗೆ ಬಂದರೆ ಕೊಡಬೇಡಿ, ಪರೀಕ್ಷೆಗೆ ಕಳಿಸಿ. ನಿಮ್ಮ ಮಾತನ್ನು ಅವರು ನಮ್ಮ ಮಾತಿಗಿಂತ ಜಾಸ್ತಿ ಕೇಳುತ್ತಾರೆ.

ಇಷ್ಟೆಲ್ಲ ಈಗ ಬರೆಯಲು ಕಾರಣ, ನಿನ್ನೆ ಸಂಜೆ ಪಕ್ಕದ ಮನೆಯ ಆಂಟಿ ಬಂದು "ನಿಮ್ಮನೇಲಿ ಆ ತಂಪಿನ ಸಿರಪ್ ಉಳಿದಿದ್ರೆ ಕೊಡಮ್ಮ, ನಾಕು ದಿನದಿಂದ ಉರಿ" ಅಂದರು. ನಾನು ಏನಾದರೂ ಹೇಳುವ ಮುಂಚೆ ಅಡುಗೆಮನೆಯಿಂದ ಅಮ್ಮನೇ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಮೊದ್ಲು ನಿಮ್ಮ ಮಾತ್ರೆ ಚೀಟಿ ತಗೊಂಡು ಬನ್ನಿ, ನೋಡೋಣ" ಅಂದಳು. ಆಂಟಿಗೆ ಶುಗರ್ ಇದೆ, ಬಿಪಿಗೆ ಲೋಸಾರ್ಟನ್ ಇದೆ. ಇವತ್ತು ಬೆಳಿಗ್ಗೆ ಅಮ್ಮ ತಾನೇ ಜೊತೆಗೆ ಹೋಗಿ ಡಾಕ್ಟರಿಗೆ ತೋರಿಸಿ, ಮೂತ್ರ ಪರೀಕ್ಷೆಗೆ ಕೊಡಿಸಿಕೊಂಡು ಬಂದಿದ್ದಾಳೆ. ಕಲ್ಚರ್ ರಿಪೋರ್ಟ್ ಬರಲು ಇನ್ನೂ ಎರಡು ದಿನ ಬೇಕಂತೆ.