ಜಾಯಿಕಾಯಿಗಾಗಿ ಒಂದು ಜನಾಂಗವನ್ನೇ ಮುಗಿಸಿದರು

"1453ರಲ್ಲಿ ಟರ್ಕರು ಕಾನ್‌ಸ್ಟಾಂಟಿನೋಪಲ್ ವಶಪಡಿಸಿಕೊಂಡರು, ದಾರಿ ಮುಚ್ಚಿತು, ಹಾಗಾಗಿ ಯುರೋಪಿಯನ್ನರು ಜಲಮಾರ್ಗ ಹುಡುಕಿದರು." ಯುರೋಪಿಯನ್ನರು ಭಾರತಕ್ಕೆ ಜಲಮಾರ್ಗ ಯಾಕೆ ಹುಡುಕಿದರು ಅನ್ನುವ ಶಾಲೆಯ ಪ್ರಶ್ನೆಗೆ ಎರಡು ಅಂಕದ ಈ ಉತ್ತರವನ್ನು ನಾವೆಲ್ಲ ಬಾಯಿಪಾಠ ಮಾಡಿದವರೇ. ಈ ಉತ್ತರದ ಬಗ್ಗೆ ನನಗೆ ದೊಡ್ಡ ತಕರಾರಿದೆ.

ಮೆಣಸು, ಲವಂಗ, ಜಾಯಿಕಾಯಿ ಹೆಚ್ಚಾಗಿ ಕೆಂಪು ಸಮುದ್ರದ ಮೂಲಕ ಈಜಿಪ್ಟಿಗೆ ಬಂದು, ಅಲ್ಲಿಂದ ವೆನಿಸ್ಸಿಗೆ ಹೋಗುತ್ತಿದ್ದವು. ಆ ಈಜಿಪ್ಟು ಟರ್ಕರ ಕೈಸೇರಿದ್ದು 1517ರಲ್ಲಿ. ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ! ಪೋರ್ಚುಗೀಸರು ಆಫ್ರಿಕಾದ ಸ್ಯೂಟಾ ಬಂದರನ್ನು ಹಿಡಿದದ್ದಂತೂ 1415ರಷ್ಟು ಹಿಂದೆ. 1444ರಲ್ಲಿ ಅವರ ಲಾಗೋಸ್ ಪಟ್ಟಣದಲ್ಲಿ, ಆಫ್ರಿಕಾದಿಂದ ಹಿಡಿದು ತಂದ ಇನ್ನೂರಕ್ಕೂ ಹೆಚ್ಚು ಜನರನ್ನು ಬಯಲಿನಲ್ಲಿ ನಿಲ್ಲಿಸಿ ಪಾಲು ಹಾಕಿಕೊಂಡರು. ಗಂಡ ಒಂದು ಪಾಲಿಗೆ, ಹೆಂಡತಿ ಇನ್ನೊಂದಕ್ಕೆ. ರಾಜಕುಮಾರ ಹೆನ್ರಿಗೆ ಐದರಲ್ಲೊಂದು ಪಾಲು ಸಂದಿತು. ಇದಕ್ಕೆ ಯಾವ ಟರ್ಕರು ಕಾರಣ?

ದಾರಿ ತೆರೆದೇ ಇತ್ತು. ಅದರ ಲಾಭ ಅರಬ್ಬರಿಗೂ ವೆನಿಸ್ಸಿನವರಿಗೂ ಹೋಗುತ್ತಿತ್ತು, ಪೋರ್ಚುಗೀಸರಿಗೆ, ಆಮೇಲೆ ಬಂದ ಡಚ್ಚರಿಗೆ ಅದು ಪೂರ್ತಿ ತಮಗೇ ಬೇಕಿತ್ತು. ಆ 'ಪೂರ್ತಿ' ಎಲ್ಲಿಗೆ ಮುಟ್ಟಿತು ಅನ್ನುವುದು ಗೊತ್ತಾಗಬೇಕಾದರೆ ಬಂಡಾ ದ್ವೀಪಗಳ ಕಥೆ ಓದಬೇಕು.

ಇಂಡೋನೇಷ್ಯಾದ ಪೂರ್ವ ಭಾಗದಲ್ಲಿ, ಜ್ವಾಲಾಮುಖಿಯ ಸುತ್ತ ಇರುವ ಪುಟ್ಟ ದ್ವೀಪಗಳು ಅವು. ಇವತ್ತು ನಮ್ಮ ಮಲೆನಾಡು, ಕರಾವಳಿಯ ಅಡಿಕೆ ತೋಟಗಳಲ್ಲೂ ಜಾಯಿಕಾಯಿ ಮರಗಳಿವೆ. ಹಳದಿ ಹಣ್ಣು ಒಡೆದಾಗ ಒಳಗಿನ ಕಪ್ಪು ಬೀಜಕ್ಕೆ ಬಲೆ ಹಾಸಿದಂತೆ ಕೆಂಪು ಜಾಯಿಪತ್ರೆ ಕಾಣುತ್ತದೆ. ಆ ಕಾಲಕ್ಕೆ ಯುರೋಪಿಗೆ ಬರುವ ಜಾಯಿಕಾಯಿಯೆಲ್ಲ ಬಂಡಾದ್ದೇ. ಅಲ್ಲಿ ರಾಜನಿರಲಿಲ್ಲ, ಊರ ಹಿರಿಯರು ಕೂತು ತೀರ್ಮಾನ ಮಾಡುತ್ತಿದ್ದರು. ಜಾಯಿಕಾಯಿ ಕೊಟ್ಟು ಅಕ್ಕಿ, ಸಾಬಕ್ಕಿ, ಭಾರತದ ಬಟ್ಟೆ ಕೊಳ್ಳುತ್ತಿದ್ದರು. ಹೊರಗಿನ ಅನ್ನವೇ ಅವರಿಗೆ ಆಧಾರ.

ಡಚ್ ಈಸ್ಟ್ ಇಂಡಿಯಾ ಕಂಪನಿ ಇಂಥವರ ಮುಂದೆ ಕರಾರುಪತ್ರ ಇಟ್ಟಿತು: ನಮಗೆ ಬಿಟ್ಟು ಬೇರೆ ಯಾರಿಗೂ ಮಾರಕೂಡದು. ಪಾಲಿಸಿದರೆ ಹೊಟ್ಟೆಗಿಲ್ಲ. ಜನ ಎಂದಿನಂತೆ ಜಾವಾದವರಿಗೆ, ಮಲಯದವರಿಗೆ, ಇಂಗ್ಲಿಷರಿಗೆ ಮಾರಿದರು. 1609ರಲ್ಲಿ ಡಚ್ ಸೇನಾಪತಿಯೊಬ್ಬನನ್ನು ಕೊಂದದ್ದೂ ಹೌದು, ಅದನ್ನು ಮುಚ್ಚಿಡಬೇಕಿಲ್ಲ. ಅವನು ಅಲ್ಲಿ ಕೋಟೆ ಕಟ್ಟಿಸಲು ಹೊರಟಿದ್ದ ಅನ್ನುವುದನ್ನೂ ಹೇಳಬೇಕು.

1621ರಲ್ಲಿ ಕಂಪನಿಯ ಗವರ್ನರ್ ಜನರಲ್ ಯಾನ್ ಪೀಟರ್‌ಸೂನ್ ಕೂನ್ ಹಡಗುಪಡೆಯೊಂದಿಗೆ ಬಂದ. 44 ಹಿರಿಯರನ್ನು ಡಚ್ಚರ ಕೋಟೆಯ ಹೊರಗಿನ ಬಿದಿರು ಬೇಲಿಯೊಳಗೆ ಕೂಡಿ, ಕೂಲಿಗೆ ತಂದ ಜಪಾನಿ ಕತ್ತಿವರಸೆಯವರಿಂದ ತಲೆ ಕಡಿಸಿದ. ಉಳಿದವರು ಬೆಟ್ಟ ಹತ್ತಿದರು; ಹಸಿವು, ಕಾಯಿಲೆಯಿಂದ ಸತ್ತರು, ಪ್ರಪಾತಕ್ಕೆ ಹಾರಿದರು. ಸುಮಾರು 15,000 ಇದ್ದ ಜನಸಂಖ್ಯೆಯಲ್ಲಿ ಅಲ್ಲಿ ಉಳಿದದ್ದು ಸಾವಿರದಷ್ಟು. ಕಂಪನಿ ತೋಟಗಳನ್ನು 68 ಪಾಲು ಮಾಡಿ ಡಚ್ಚರಿಗೆ ಹಂಚಿತು, ದುಡಿಯಲು ಗುಲಾಮರನ್ನು ತಂದಿತು. ಬೇರೆಲ್ಲೂ ಮೊಳೆಯಬಾರದೆಂದು ಬೀಜವನ್ನು ಸುಣ್ಣದಲ್ಲಿ ಅದ್ದಿ ಕಳಿಸುತ್ತಿದ್ದರು.

ಬಂಡಾದ ಮೂಲ ಭಾಷೆ ಇವತ್ತು ಬಂಡಾದಲ್ಲಿ ಇಲ್ಲ. ತಪ್ಪಿಸಿಕೊಂಡು ಕೇಯಿ ದ್ವೀಪಗಳಿಗೆ ಹೋದವರ ಮಕ್ಕಳು ಮೊಮ್ಮಕ್ಕಳು ಅಲ್ಲಿನ ಎರಡು ಊರುಗಳಲ್ಲಿ ಅದನ್ನು ಉಳಿಸಿಕೊಂಡಿದ್ದಾರೆ.

"ವ್ಯಾಪಾರಕ್ಕೆ ಬಂದರು, ಆಮೇಲೆ ಆಳಿದರು" ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. 1602ರಲ್ಲಿ ಕಂಪನಿ ಹುಟ್ಟಿದಾಗಲೇ ಅದರ ಸನದಿನಲ್ಲಿ ಕೋಟೆ ಕಟ್ಟುವ, ಸೈನಿಕರನ್ನಿಡುವ, ಒಪ್ಪಂದ ಮಾಡುವ ಅಧಿಕಾರ ಇತ್ತು. ಷೇರು ಕೊಂಡವರಿಗೆ ಅದು ಗೊತ್ತಿತ್ತು. ಬಂಡಾದ ಕ್ರೌರ್ಯಕ್ಕಾಗಿ ನಿರ್ದೇಶಕರು ಕೂನ್‌ನನ್ನು ಬೈದರಂತೆ. 1627ರಲ್ಲಿ ಅದೇ ಹುದ್ದೆಗೆ ಮತ್ತೆ ಅವನೇ ಬಂದ. 1893ರಲ್ಲಿ ಅವನ ಹುಟ್ಟೂರು ಹೋರ್ನ್‌ನ ಚೌಕದಲ್ಲಿ ಪ್ರತಿಮೆ ಎತ್ತಿ ನಿಲ್ಲಿಸಿದರು. ಅದನ್ನು ತೆಗೆಯಬೇಕೆಂದು ನೆದರ್‌ಲ್ಯಾಂಡ್ಸಿನವರೇ ಹೋರಾಡಿದ್ದಾರೆ. ನಾನು ಅವರ ಪರ.