ಪಿಯರ್ ಮೇಲೆ ಟ್ಯಾಂಕ್ ಇಳಿಯುವುದಿಲ್ಲ

ಹಿಟ್ಲರ್ ಗೆದ್ದ ಪರ್ಯಾಯ ಇತಿಹಾಸದಲ್ಲಿ ಜರ್ಮನ್ ಟ್ಯಾಂಕ್‌ಗಳು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬ್ರೈಟನ್‌ನ ಪ್ಯಾಲೇಸ್ ಪಿಯರ್ (ಸಮುದ್ರದೊಳಕ್ಕೆ ಚಾಚಿದ ಅಡ್ಡಾಟದ ಅಟ್ಟಣೆ) ಮೇಲೆ ಇಳಿಯುತ್ತವೆ ಎಂದು ಲೇಖನವೊಂದು ಕಲ್ಪಿಸಿದೆ. ಆ ದೃಶ್ಯ ಕೈಬಿಡುವುದೇ ಒಳ್ಳೆಯದು. 1940ರಲ್ಲೇ ಬ್ರಿಟಿಷರು ಅಲ್ಲಿನ ಎರಡೂ ಪಿಯರ್‌ಗಳ ನಡುಭಾಗ ಕಿತ್ತುಹಾಕಿ, ಬೀಚಿನಲ್ಲಿ ನೆಲಬಾಂಬ್ ಹುಗಿದಿದ್ದರು. ಪಿಯರ್ ಅಡ್ಡಾಡುವವರಿಗೆಂದು ಹಾಸಿದ ಹಲಗೆ, ಟ್ಯಾಂಕಿಗಲ್ಲ! ಕಥೆ ನಂಬುವಂತಿರಬೇಕಾದರೆ ಪಕ್ಕದ ನ್ಯೂಹೇವನ್ ಬಂದರು, ಅದೂ ಕೆಡದೆ, ಮೊದಲು ಕೈಗೆ ಸಿಗಬೇಕು. ಈ ದಾಳಿಗೆಂದು ಜರ್ಮನರು ಒಟ್ಟುಮಾಡಿದ್ದು ಬಹುಪಾಲು ನದಿಯ ಬಾರ್ಜ್‌ಗಳನ್ನು (ಸರಕು ಸಾಗಿಸುವ ಚಪ್ಪಟೆ ತಳದ ದೋಣಿಗಳನ್ನು). ಫ್ರಾನ್ಸಿನ ಲೆ ಹಾವ್ರ್ ಬಂದರಿನಿಂದ ಬ್ರೈಟನ್‌ಗೆ ಸುಮಾರು 150 ಕಿ.ಮೀ.; 3 ನಾಟ್ (ಗಂಟೆಗೆ ಸುಮಾರು 5.5 ಕಿ.ಮೀ.) ವೇಗದಲ್ಲಿ ಎಳೆದರೆ 27 ಗಂಟೆ. ಅಷ್ಟರಲ್ಲಿ ಪೋರ್ಟ್ಸ್‌ಮತ್ ನೌಕಾನೆಲೆಯ ಬ್ರಿಟಿಷ್ ಡೆಸ್ಟ್ರಾಯರ್ ಯುದ್ಧನೌಕೆಗಳು ಸುಮ್ಮನಿರುತ್ತವೆಯೇ? ಕಥೆಗಾರರು ಆಕಾಶದ ಯುದ್ಧವನ್ನಷ್ಟೇ ಜರ್ಮನರಿಗೆ ಗೆಲ್ಲಿಸಿಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಬದಲಾಯಿಸಬೇಕಾದದ್ದು ಬ್ರಿಟಿಷ್ ನೌಕಾಪಡೆಯ ಬಲವನ್ನು.